ಟ್ರಸ್ ಮತ್ತು ಫೈನೈಟ್ ಎಲಿಮೆಂಟ್ ವಿಧಾನ: ಪುಣೆಯ ಶೆಡ್ಡುಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಭೋಸರಿ, ಚಾಕಣ, ಚಿಂಚವಡ ಕಡೆ ಕಬ್ಬಿಣದ ಶೆಡ್ ಕಟ್ಟುವ ಕೆಲಸದಲ್ಲಿ ವಿಜಯಪುರ, ಕಲಬುರಗಿ, ಬೆಳಗಾವಿಯ ಹುಡುಗರು ಬಹಳ. ಡ್ರಾಯಿಂಗ್ ತೆಗೆಯಲು ಸೇರಿದವರನ್ನು ವರ್ಷ ತುಂಬುವುದರೊಳಗೆ ಡಿಸೈನ್ ಟೇಬಲ್ಲಿಗೆ ಕೂರಿಸುತ್ತಾರೆ. ಊರ ಮಾತಲ್ಲಿ ಕೇಳಲು ಒಬ್ಬ ಸಿಕ್ಕಿದನಲ್ಲ ಅಂತ ಅವರು ನನಗೆ ಫೋನು ಹಚ್ಚುತ್ತಾರೆ. ಮುಂಬೈಯಿಂದ ಹೌಸಿಂಗ್ ಸೊಸೈಟಿಯವರು, ಗೋವೆಯಿಂದ ಹೋಟೆಲಿನವರೂ ಆಗೀಗ ಕೇಳುವುದುಂಟು. ಒಂದೇ ಪ್ರಶ್ನೆಗೆ ಐವತ್ತನೇ ಸಲ ಉತ್ತರ ಹೇಳುವ ಬದಲು ಬರೆದೇ ಇಟ್ಟರಾಯಿತು ಎಂದುಕೊಂಡೆ.

ಟ್ರಸ್ ಅಂದರೆ ಯಾವುದು? ನಮ್ಮ ಫ್ಯಾಬ್ರಿಕೇಟರ್ ಮಾಡಿನ ಕೆಳಗಿರುವ ಎಲ್ಲದಕ್ಕೂ ‘ಕೈಚಿ’ ಅಂತಾನೆ.

ಅವನು ಹೇಳುವುದು ಆಕಾರ ನೋಡಿ. ನಮಗೆ ಬೇಕಾದದ್ದು ವರ್ತನೆ. ಮೆಂಬರ್‌ಗಳೆಲ್ಲ, ಅಂದರೆ ಟ್ರಸ್ಸಿನ ಒಂದೊಂದು ಕಡ್ಡಿಯೂ, ನೇರವಾಗಿರಬೇಕು, ತುದಿಗಳಲ್ಲಿ ಮಾತ್ರ ಸೇರಬೇಕು, ಸೇರುವಲ್ಲಿ ಬಾಗಿಲಿನ ಕೀಲಿನ ಹಾಗೆ ತಿರುಗಬಲ್ಲವಾಗಿರಬೇಕು, ಭಾರವೆಲ್ಲ ಆ ಗಂಟುಗಳ ಮೇಲೆಯೇ ಬೀಳಬೇಕು. ಈ ನಾಲ್ಕೂ ಇದ್ದರೆ ಪ್ರತಿ ಮೆಂಬರಿಗೆ ಎರಡೇ ಗತಿ: ಒಂದೋ ಎಳೆತ, ಇಲ್ಲವೋ ಒತ್ತು. ಬಾಗುವ ಪ್ರಶ್ನೆಯೇ ಇಲ್ಲ. ನಾಲ್ಕರಲ್ಲಿ ಒಂದು ತಪ್ಪಿದರೂ ನೋಡಲು ಕೈಚಿಯಂತಿರುವ ವಸ್ತು ಒಳಗೆ ಫ್ರೇಮಿನಂತೆ, ಅಂದರೆ ಬಾಗುತ್ತಾ, ನಡೆದುಕೊಳ್ಳುತ್ತದೆ.

ಹೀಗೆ ಕೀಲಿನಂತೆ ತಿರುಗುವ ಗಂಟಿಗೆ ಪಿನ್ ಎನ್ನುತ್ತೇವೆ. ಸಾಚಾ ಪಿನ್ ನೋಡಬೇಕೆಂದರೆ ಬೇಲಿ ಸೇತುವೆ ನೋಡಿ. ಎರಡನೇ ಮಹಾಯುದ್ಧದ ಕಾಲಕ್ಕೆ ಡೊನಾಲ್ಡ್ ಬೇಲಿ ರೂಪಿಸಿದ ಈ ಸೇತುವೆಯಲ್ಲಿ 10 ಅಡಿ ಉದ್ದದ ಪ್ಯಾನೆಲ್‌ಗಳನ್ನು ತುದಿಗೆ ತುದಿ ಇಟ್ಟು ಪಿನ್ ಬಡಿಯುತ್ತಾ ಹೋಗುತ್ತಾರೆ. 2017ರ ಎಲ್ಫಿನ್‌ಸ್ಟನ್ ರೋಡ್ ಕಾಲ್ತುಳಿತದ ನಂತರ ಸೇನೆಯವರು ಅಲ್ಲಿಯೂ ಕರಿ ರೋಡ್, ಅಂಬಿವಲಿಯಲ್ಲಿಯೂ ಕಟ್ಟಿದ ಪಾದಚಾರಿ ಸೇತುವೆಗಳು ಈ ಜಾತಿಯವು. ಅಲ್ಲಿ ಕೂಡ ಪ್ಯಾನೆಲ್ಲಿನ ಒಳಗಿನ ಗಂಟುಗಳೆಲ್ಲ ವೆಲ್ಡ್ ಆಗಿರುತ್ತವೆ. ಪಿನ್ ಇರುವುದು ಪ್ಯಾನೆಲ್ ಪ್ಯಾನೆಲ್ ಕೂಡುವಲ್ಲಿ ಮಾತ್ರ.

ಡಿಪ್ಲೊಮಾದಲ್ಲಿ ಗಂಟು ಗಂಟಿಗೆ ಬಲ ಸರಿದೂಗಿಸುವುದು ಕಲಿತಿದ್ದೇವೆ. ಮತ್ತೆ ಈ ಫೈನೈಟ್ ಎಲಿಮೆಂಟ್ ವಿಧಾನ ಯಾಕೆ?

ನಿಮ್ಮ ಟ್ರಸ್ ಆ ಲೆಕ್ಕಕ್ಕೆ ಸಿಕ್ಕರೆ ಬೇಕಾಗಿಲ್ಲ. ಮೆಂಬರ್‌ಗಳ ಸಂಖ್ಯೆಗೆ ಆಧಾರದ ಪ್ರತಿಕ್ರಿಯೆಗಳ (ಆಧಾರ ತಿರುಗಿ ಕೊಡುವ ಬಲಗಳ) ಸಂಖ್ಯೆ ಕೂಡಿಸಿ, ಅದು ಗಂಟುಗಳ ಎರಡರಷ್ಟಕ್ಕೆ ಸಮ ಬಂದರೆ ಸಾಮಾನ್ಯವಾಗಿ ಪೆನ್ಸಿಲ್ ಸಾಕು. ಹೆಚ್ಚು ಬಂದರೆ ಸಮತೋಲನದ ಸಮೀಕರಣಗಳು ಸಾಲುವುದಿಲ್ಲ, ಯಾವ ಮೆಂಬರ್ ಎಷ್ಟು ಹಿಗ್ಗುತ್ತದೆ ಎಂಬುದನ್ನೂ ಕೇಳಬೇಕಾಗುತ್ತದೆ. ಕಡಿಮೆ ಬಂದರೆ ಅದು ಮಾಡು ಅಲ್ಲ, ಮಡಚುವ ಖುರ್ಚಿ.

ಇನ್ನೊಂದು ಕಾರಣವೂ ಇದೆ. ಗಂಟಿನ ವಿಧಾನ ಬಲ ಹೇಳುತ್ತದೆ, ಜೋಲು ಎಷ್ಟು ಎಂದು ಹೇಳುವುದಿಲ್ಲ. ಗಿರಾಕಿ ಕೇಳುವುದು ಜೋಲನ್ನೇ.

ಹೆಸರಿನ ಬಗ್ಗೆ ಒಂದು ಮಾತು. ಟರ್ನರ್, ಕ್ಲಫ್, ಮಾರ್ಟಿನ್, ಟಾಪ್ ಎಂಬ ನಾಲ್ವರು 1956ರಲ್ಲಿ ವಿಮಾನದ ರಚನೆಗಳಿಗಾಗಿ ಪ್ರಕಟಿಸಿದ ಲೇಖನ ಈ ವಿಧಾನದ ಇತಿಹಾಸದಲ್ಲಿ ಮೈಲಿಗಲ್ಲು. ‘ಫೈನೈಟ್ ಎಲಿಮೆಂಟ್’ ಎಂಬ ಹೆಸರನ್ನು ಕ್ಲಫ್ 1960ರಲ್ಲಿ ಬಳಕೆಗೆ ತಂದರು. ಟ್ರಸ್ಸಿಗೆ ಹಚ್ಚಿದಾಗ ಅದು ‘ಸ್ಟಿಫ್‌ನೆಸ್ ಮ್ಯಾಟ್ರಿಕ್ಸ್ ವಿಧಾನ’ಕ್ಕಿಂತ ಬೇರೆಯಲ್ಲ, ಅದಕ್ಕೆ ಈ ದೊಡ್ಡ ಹೆಸರು ಯಾಕೆ ಎಂದು ಕೆಲ ಪ್ರಾಧ್ಯಾಪಕರು ತಕರಾರು ತೆಗೆಯುತ್ತಾರೆ. ಪರೀಕ್ಷೆಯಲ್ಲಿ ಅವರು ಕೇಳಿದ ಹೆಸರನ್ನೇ ಬರೆಯಿರಿ.

ಈ ವಿಧಾನ ಒಳಗೆ ಮಾಡುವುದಾದರೂ ಏನು? ಕೈಯಲ್ಲಿ ಒಮ್ಮೆ ತೋರಿಸಿ.

ಒಂದೊಂದು ಮೆಂಬರನ್ನೂ ಒಂದು ಸ್ಪ್ರಿಂಗ್ ಎಂದು ತಿಳಿಯುತ್ತದೆ. ಆ ಒಂದೊಂದು ಸ್ಪ್ರಿಂಗೇ ಒಂದು ಎಲಿಮೆಂಟು. ಸ್ಪ್ರಿಂಗಿನ ಬಿಗಿ, ಅಂದರೆ ಸ್ಟಿಫ್‌ನೆಸ್, ಮೆಂಬರನ್ನು ಅಡ್ಡ ಕೊಯ್ದಾಗ ಕಾಣುವ ವಿಸ್ತೀರ್ಣವನ್ನು ಉಕ್ಕಿನ ‘ಇ’ಯಿಂದ (ಹಿಗ್ಗದಂತೆ ಉಕ್ಕು ಎಷ್ಟು ತಡೆಯುತ್ತದೆ ಎಂಬ ಅಳತೆಯಿಂದ) ಗುಣಿಸಿ ಉದ್ದದಿಂದ ಭಾಗಿಸಿದಷ್ಟು. ಎಲ್ಲ ಸ್ಪ್ರಿಂಗುಗಳನ್ನೂ ಗಂಟುಗಳಲ್ಲಿ ಕೂಡಿಸಿ, ಪ್ರತಿ ಗಂಟು ಎಷ್ಟು ಸರಿಯುತ್ತದೆ ಎಂದು ಮೊದಲು ಕಂಡುಹಿಡಿದು, ಆ ಸರಿತದಿಂದ ಹಿಂದಕ್ಕೆ ಬಂದು ಬಲ ತೆಗೆಯುತ್ತದೆ. ನಾವು ಕಲಿತದ್ದಕ್ಕೆ ಇದು ತಿರುಗುಮುರುಗು: ಅಲ್ಲಿ ಮೊದಲು ಬಲ, ಇಲ್ಲಿ ಮೊದಲು ಸರಿತ.

ಅಂಗಡಿಯ ಮುಂದೆ ಮಳೆಗೆ ಹೊರಚಾಚಿದ ಮಾಡಿನ ಬ್ರಾಕೆಟ್ ಇಟ್ಟುಕೊಳ್ಳೋಣ. ಗೋಡೆಯಿಂದ ಅಡ್ಡಕ್ಕೆ 1.6 ಮೀಟರ್ ಉದ್ದದ ಒಂದು ಆ್ಯಂಗಲ್, ಅಂದರೆ ‘ಎಲ್’ ಆಕಾರದ ಉಕ್ಕಿನ ಪಟ್ಟಿ. ಅದರ ಹೊರತುದಿಯಿಂದ, ಗೋಡೆಯ ಮೇಲೆ 1.2 ಮೀಟರ್ ಎತ್ತರದ ಬಿಂದುವಿಗೆ ಓರೆಯಾಗಿ ಇನ್ನೊಂದು. ಓರೆಯದರ ಉದ್ದ 2 ಮೀಟರ್ ಬರುತ್ತದೆ. ತುದಿಯಲ್ಲಿ ಕೆಳಮುಖವಾಗಿ 6 ಕಿಲೋನ್ಯೂಟನ್ ಭಾರ. ಎರಡೂ 40×40×5 ಆ್ಯಂಗಲ್. ಅದರ ವಿಸ್ತೀರ್ಣ 378 ಚದರ ಮಿ.ಮೀ., ಲೆಕ್ಕ ಹಗುರಾಗಲೆಂದು 400 ಎನ್ನೋಣ. ‘ಇ’ ಚದರ ಮಿ.ಮೀ.ಗೆ 2,00,000 ನ್ಯೂಟನ್.

ಅಡ್ಡ ಮೆಂಬರಿನ ಬಿಗಿ: 400 × 2,00,000 ÷ 1,600 = ಮಿ.ಮೀ.ಗೆ 50,000 ನ್ಯೂಟನ್, ಅಂದರೆ 50 ಕಿಲೋನ್ಯೂಟನ್. ಓರೆ ಮೆಂಬರಿನದು ಇದೇ ರೀತಿ 40.

ಗೋಡೆಯ ಎರಡು ಬಿಂದುಗಳು ಅಲುಗುವುದಿಲ್ಲ. ಅಲುಗುವುದು ಹೊರತುದಿಯೊಂದೇ, ಅಡ್ಡಕ್ಕೆ ಒಂದು, ಮೇಲೆ ಕೆಳಗೆ ಒಂದು. ಅಂದರೆ ನಮಗೆ ಬೇಕಾದದ್ದು 2×2 ಮ್ಯಾಟ್ರಿಕ್ಸ್, ಎರಡು ಸಾಲು ಎರಡು ಕಂಬದ ಅಂಕಿಗಳ ಕೋಷ್ಟಕ. ಓರೆ ಮೆಂಬರು ಗೋಡೆಯಿಂದ ತುದಿಗೆ ಇಳಿಯುವಾಗ ಅದರ ಕೋಸೈನ್ 0.8, ಸೈನ್ ಋಣ 0.6. ಬಿಗಿಯನ್ನು ಕೋಸೈನ್ ವರ್ಗದಿಂದ ಗುಣಿಸಿದರೆ 25.6, ಸೈನ್ ವರ್ಗದಿಂದ 14.4, ಎರಡರ ಗುಣಲಬ್ಧದಿಂದ ಋಣ 19.2. ಅಡ್ಡ ಮೆಂಬರು ತನ್ನ 50ನ್ನು ಅಡ್ಡ ದಿಕ್ಕಿಗಷ್ಟೇ ಕೊಡುತ್ತದೆ. ಕೂಡಿಸಿ:

75.6 × ಅಡ್ಡ ಸರಿತ − 19.2 × ಲಂಬ ಸರಿತ = 0
−19.2 × ಅಡ್ಡ ಸರಿತ + 14.4 × ಲಂಬ ಸರಿತ = −6

ಬಿಡಿಸಿದರೆ ಅಡ್ಡ ಸರಿತ −0.16 ಮಿ.ಮೀ., ಲಂಬ ಸರಿತ −0.63 ಮಿ.ಮೀ. ತುದಿ ಗೋಡೆಯ ಕಡೆಗೆ ಚೂರು ಒತ್ತಿ, ಕೆಳಗೆ ಚೂರು ಇಳಿದಿದೆ. ಈಗ ಬಲ: ಅಡ್ಡ ಮೆಂಬರು 50 × −0.16 = −8, ಅಂದರೆ 8 ಕಿಲೋನ್ಯೂಟನ್ ಒತ್ತು. ಓರೆ ಮೆಂಬರಿನ ಹಿಗ್ಗು 0.8 × −0.16 ಮತ್ತು −0.6 × −0.63 ಕೂಡಿ 0.25 ಮಿ.ಮೀ., ಬಲ 40 × 0.25 = 10 ಕಿಲೋನ್ಯೂಟನ್ ಎಳೆತ.

ಗಂಟಿನ ವಿಧಾನದಿಂದ ತಾಳೆ ನೋಡಿ. 10ರ 0.6 ಪಾಲು 6, ಅದು ಭಾರವನ್ನು ಹೊತ್ತಿತು. 10ರ 0.8 ಪಾಲು 8, ಅದು ಅಡ್ಡ ಮೆಂಬರಿನ ಒತ್ತಿಗೆ ಸಮ. ಮಗ್ಗಿ ಬರುವ ಯಾರಿಗೂ ಇದು ಹತ್ತು ನಿಮಿಷದ ಕೆಲಸ. 300 ಮೆಂಬರಿನ ಟ್ರಸ್ಸಿನಲ್ಲಿ ಸಾಫ್ಟ್‌ವೇರ್ ಮಾಡುವುದೂ ಇದನ್ನೇ, 2×2 ಇದ್ದಲ್ಲಿ 300×300 ಇಟ್ಟು. ಈ ಲೆಕ್ಕವನ್ನು ಒಮ್ಮೆ ಕೈಯಲ್ಲಿ ಮಾಡದವನಿಗೆ ನಾನು ಮೌಸ್ ಕೊಡುವುದಿಲ್ಲ.

ಫೈನೈಟ್ ಎಲಿಮೆಂಟ್ ಅಂದರೆ ಅಂದಾಜು ಲೆಕ್ಕ ಅಂತಾರಲ್ಲ? ಮೆಂಬರನ್ನು ನಾಲ್ಕು ತುಂಡು ಮಾಡಿದರೆ ಇನ್ನೂ ನಿಖರ ಬರುತ್ತದೆಯೇ?

ಪ್ಲೇಟು, ಸ್ಲ್ಯಾಬು, ಮಷೀನ್ ಭಾಗಗಳಲ್ಲಿ ಅದು ಅಂದಾಜೇ. ಜಾಲರಿ ಸಣ್ಣದಾದಷ್ಟೂ ಉತ್ತರ ಸುಧಾರಿಸುತ್ತದೆ. ಟ್ರಸ್ಸಿನಲ್ಲಿ ಹಾಗಲ್ಲ. ಇಡೀ ಉದ್ದಕ್ಕೂ ಒಂದೇ ದಪ್ಪದ ಮೆಂಬರಿಗೆ ತುದಿಗಳಲ್ಲಷ್ಟೇ ಬಲ ಬಿದ್ದರೆ ಅದರ ಹಿಗ್ಗು ಉದ್ದಕ್ಕೂ ಸಮನಾಗಿಯೇ ಹಂಚಿರುತ್ತದೆ. ಎಲಿಮೆಂಟು ಊಹಿಸುವುದೂ ಅದನ್ನೇ. ಹಾಗಾಗಿ ಒಂದು ಮೆಂಬರಿಗೆ ಒಂದು ಎಲಿಮೆಂಟು, ಉತ್ತರ ನಿಖರ.

ತುಂಡು ಮಾಡಿದರೆ ಸುಧಾರಿಸುವುದು ಹಾಗಿರಲಿ, ಕೆಡುತ್ತದೆ. ನಡುವೆ ಹುಟ್ಟಿದ ಹೊಸ ಗಂಟನ್ನು ಪಕ್ಕಕ್ಕೆ ಹಿಡಿಯುವವರು ಯಾರೂ ಇಲ್ಲ. ಎರಡು ಪಿನ್ ಕಡ್ಡಿಗಳ ನಡುವಿನ ಕೀಲಿನಂತೆ ಅದು ಪಕ್ಕಕ್ಕೆ ಜಾರುತ್ತದೆ, ಲೆಕ್ಕ ನಿಂತುಹೋಗುತ್ತದೆ.

“ಸರ, ಸಿಂಗ್ಯುಲರ್ ಮ್ಯಾಟ್ರಿಕ್ಸ್ ಅಂತ ಬರಾಕತ್ತೈತಿ. ಮಷೀನಿಗೆ ಏನಾಗೈತ್ರಿ?”

ಮಷೀನಿಗೆ ಏನೂ ಆಗಿಲ್ಲಪ್ಪ. ನೀನು ಕೊಟ್ಟ ಟ್ರಸ್ ಎಲ್ಲೋ ಬಲವೇ ಇಲ್ಲದೆ ಅಲುಗುತ್ತಿದೆ ಎಂದು ಅದು ಹೇಳುತ್ತಿದೆ. ನನ್ನ ಹತ್ತಿರ ಬರುವ ಫೈಲುಗಳಲ್ಲಿ ಕಾರಣ ಹೆಚ್ಚಾಗಿ ಇವುಗಳಲ್ಲೊಂದು: ಎರಡೂ ಆಧಾರಕ್ಕೆ ರೋಲರ್ (ಅಡ್ಡಕ್ಕೆ ಜಾರಲು ಬಿಡುವ ಆಧಾರ) ಕೊಟ್ಟು ಇಡೀ ಟ್ರಸ್ಸೇ ಅಡ್ಡಕ್ಕೆ ಜಾರುತ್ತಿರುತ್ತದೆ. ಅಥವಾ ನಡುವಿನ ಚೌಕಕ್ಕೆ ಓರೆ ಮೆಂಬರು ಹಾಕಿರುವುದಿಲ್ಲ, ಡಕ್ಟ್ ಹೋಗಬೇಕೆಂದು ಯಾರೋ ತೆಗೆಸಿರುತ್ತಾರೆ. ಅಥವಾ ಡ್ರಾಯಿಂಗಿನಿಂದ ತಂದಾಗ ಎರಡು ತುದಿಗಳ ನಡುವೆ ಅರ್ಧ ಮಿ.ಮೀ. ಬಿರುಕು ಉಳಿದು, ಕಣ್ಣಿಗೆ ಒಂದೇ ಗಂಟಾಗಿ ಕಂಡದ್ದು ಕಂಪ್ಯೂಟರಿಗೆ ಎರಡಾಗಿರುತ್ತದೆ. ಚಪ್ಪಟೆ ಟ್ರಸ್ಸನ್ನು ಮೂರು ಆಯಾಮದ ಫೈಲಿನಲ್ಲಿ ಹಾಕಿ, ಪಕ್ಕಕ್ಕೆ ಬೀಳದ ಹಾಗೆ ಕಟ್ಟುವುದನ್ನು ಮರೆಯುವುದು ಕೊನೆಯದು.

ಮೆಂಬರು, ಪ್ರತಿಕ್ರಿಯೆ, ಗಂಟುಗಳ ಎಣಿಕೆ ಸರಿ ಬಂದರೂ ಒಂದು ಚೌಕದಲ್ಲಿ ಮೆಂಬರು ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇದ್ದರೆ ಟ್ರಸ್ ಬೀಳುತ್ತದೆ. ಎಣಿಕೆ ಅಗತ್ಯ, ಸಾಕಾಗುವುದಿಲ್ಲ.

ಕೆಲವು ಸಾಫ್ಟ್‌ವೇರುಗಳು ಈ ಎಚ್ಚರಿಕೆ ಕೊಟ್ಟು, ತಾವೇ ಒಂದು ಸಣ್ಣ ಸ್ಪ್ರಿಂಗ್ ಸೇರಿಸಿ ಮುಂದೆ ಸಾಗುತ್ತವೆ. ಆಗ ಉತ್ತರ ಬರುತ್ತದೆ, ಅದು ನಿಮ್ಮ ಟ್ರಸ್ಸಿನದಾಗಿರುವುದಿಲ್ಲ. ಹಳದಿ ಎಚ್ಚರಿಕೆಯನ್ನು ಓದದೆ ‘ಓಕೆ’ ಒತ್ತುವವರಿಗೆ ನಾನು ಚಹಾ ಕೊಡಿಸುವುದಿಲ್ಲ.

ನಾವು ಗಸೆಟ್ ಪ್ಲೇಟಿಗೆ, ಅಂದರೆ ಗಂಟಿನಲ್ಲಿ ಮೆಂಬರ್‌ಗಳನ್ನು ಕೂಡಿಸುವ ಉಕ್ಕಿನ ಫಲಕಕ್ಕೆ, ವೆಲ್ಡ್ ಹೊಡೆಯುತ್ತೇವೆ. ಅದು ಪಿನ್ ಹೇಗಾಗುತ್ತದೆ?

ಆಗುವುದಿಲ್ಲ. ಸಪೂರವಾದ ಉದ್ದ ಮೆಂಬರ್‌ಗಳಲ್ಲಿ, ಎಲ್ಲದರ ಮಧ್ಯರೇಖೆಗಳು ಒಂದೇ ಬಿಂದುವಿನಲ್ಲಿ ಕೂಡಿದ್ದರೆ, ವೆಲ್ಡಿನಿಂದ ಹುಟ್ಟುವ ಬಾಗು ಸಣ್ಣದು ಎಂದು ಬಿಟ್ಟುಕೊಡುತ್ತೇವೆ, ಅಷ್ಟೆ. ಷರತ್ತು ‘ಒಂದೇ ಬಿಂದು’ ಎಂಬಲ್ಲಿದೆ. ಫ್ಯಾಬ್ರಿಕೇಟರ್ ಗಸೆಟ್ ಉಳಿಸಲು ಓರೆ ಮೆಂಬರನ್ನು 80 ಮಿ.ಮೀ. ಪಕ್ಕಕ್ಕೆ ಸರಿಸಿ ಹೊಡೆದರೆ, 50 ಕಿಲೋನ್ಯೂಟನ್ ಬಲಕ್ಕೆ ಆ ಗಂಟಿನಲ್ಲಿ 4 ಕಿಲೋನ್ಯೂಟನ್ ಮೀಟರಿನಷ್ಟು ತಿರುಚು ಹುಟ್ಟುತ್ತದೆ. ಸಣ್ಣ ಆ್ಯಂಗಲಿಗೆ ಇದು ತಮಾಷೆಯಲ್ಲ. ನಿಮ್ಮ ಫೈಲಿನಲ್ಲಿ ಇದರ ಸುಳಿವೂ ಇರುವುದಿಲ್ಲ.

ತಗಡು ಹೊರುವ ಅಡ್ಡಪಟ್ಟಿ, ಅಂದರೆ ಪರ್ಲಿನ್, ಗಂಟಿನ ಮೇಲೆ ಕೂರುತ್ತಿಲ್ಲ, ತಗಡಿನ ಅಳತೆಗೆ ತಕ್ಕಂತೆ ನಡುವೆ ಬರುತ್ತಿದೆ.

ಹಾಗಿದ್ದರೆ ಮೇಲಿನ ಮೆಂಬರು ಟ್ರಸ್ ಎಲಿಮೆಂಟಲ್ಲ, ಬೀಮು, ಅಂದರೆ ಬಾಗುವ ತೊಲೆ. ಅದನ್ನು ಬೀಮ್ ಎಂದೇ ಕೊಡಿ, ಉಳಿದ ಓರೆಗಳನ್ನು ಟ್ರಸ್ ಎಂದು ಇಡಿ. ನಡುವಿನ ಭಾರವನ್ನು ಅರ್ಧ ಅರ್ಧ ಗಂಟಿಗೆ ಹಂಚಿ ಟ್ರಸ್ ಎಂದೇ ನಡೆಸಿಬಿಡುವುದು ಪುಣೆಯ ಸುತ್ತ ನಾನು ಕಂಡ ತೀರಾ ಸಾಮಾನ್ಯ ತಪ್ಪು. ಬಲಗಳು ಹೆಚ್ಚುಕಡಿಮೆ ಸರಿಯಾಗಿಯೇ ಬರುತ್ತವೆ, ಅದಕ್ಕೇ ಯಾರೂ ಅನುಮಾನಪಡುವುದಿಲ್ಲ. ಬಾಗು ಮಾತ್ರ ಮಾಯವಾಗಿರುತ್ತದೆ.

ಎರಡೂ ಕಡೆ ಬೋಲ್ಟ್ ಬಿಗಿದಿದ್ದೇವೆ. ಎರಡೂ ಪಿನ್ ಕೊಟ್ಟರೆ ತಪ್ಪೇನು? ರೋಲರ್ ಎಲ್ಲಿಂದ ತರಲಿ?

ಇದಕ್ಕೆ ಸಾವಕಾಶವಾಗಿ ಉತ್ತರಿಸುತ್ತೇನೆ. ನಾನೇ ಈ ಹೊಂಡದಲ್ಲಿ ಬಿದ್ದವನು.

ಮೂರು ಮೆಂಬರಿನ ತ್ರಿಕೋನ ತೆಗೆದುಕೊಳ್ಳಿ. ಗೋಡೆಯಿಂದ ಗೋಡೆಗೆ 8 ಮೀಟರ್, ಎತ್ತರ 3 ಮೀಟರ್, ಎರಡು ಇಳಿಜಾರು ಮೆಂಬರ್ ತಲಾ 5 ಮೀಟರ್, ಕೆಳಗೆ ಎರಡು ತುದಿಗಳನ್ನು ಹಿಡಿದೆಳೆಯುವ ಅಡ್ಡ ಮೆಂಬರು, ಅಂದರೆ ಟೈ. ನೆತ್ತಿಯಲ್ಲಿ 30 ಕಿಲೋನ್ಯೂಟನ್. ಒಂದು ತುದಿ ಪಿನ್ (ತಿರುಗಲು ಬಿಟ್ಟು ಜಾರಲು ಬಿಡದ ಆಧಾರ), ಇನ್ನೊಂದು ರೋಲರ್ ಇದ್ದರೆ ಇಳಿಜಾರುಗಳಲ್ಲಿ ತಲಾ 25 ಒತ್ತು, ಟೈಯಲ್ಲಿ 20 ಎಳೆತ. ಈಗ ಎರಡನ್ನೂ ಪಿನ್ ಮಾಡಿ. ಟೈಯ ಎರಡೂ ತುದಿಗಳು ಅಲುಗಲಾರವು, ಆದ್ದರಿಂದ ಟೈ ಹಿಗ್ಗಲಾರದು. ಹಿಗ್ಗದ ಸ್ಪ್ರಿಂಗಿನಲ್ಲಿ ಬಲ ಎಲ್ಲಿಂದ? ಪರದೆಯ ಮೇಲೆ ಟೈಯ ಬಲ ಸೊನ್ನೆ. ಆ 20 ಕಿಲೋನ್ಯೂಟನ್ ಆವಿಯಾಗಿ ಹೋಗಿಲ್ಲ, ಎರಡು ಟನ್ನಿನ ದೂಡಾಗಿ ಗೋಡೆಯ ತಲೆಯನ್ನು ಹೊರಕ್ಕೆ ತಳ್ಳುತ್ತಿದೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಗೆ ಆ ತಾಕತ್ತಿಲ್ಲ. ಗೋಡೆ ಚೂರು ಹೊರಗೆ ಸರಿದ ಕ್ಷಣವೇ ಬಲವೆಲ್ಲ ಮತ್ತೆ ಟೈಗೇ ಬರುತ್ತದೆ, ನೀವು ಸಪೂರ ಮಾಡಿಟ್ಟ ಟೈಗೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ 18 ಮೀಟರಿನ ಒಂದು ಟ್ರಸ್ಸಿಗೆ ನಾನು ಎರಡೂ ಪಿನ್ ಕೊಟ್ಟಿದ್ದೆ. ಕೆಳಗಿನ ಮೆಂಬರಿನ ಬಲ ಇಳಿದದ್ದು ನೋಡಿ, ಕಬ್ಬಿಣ ಉಳಿಸಿದೆ ಎಂದು ಬೀಗಿದೆ. ಡ್ರಾಯಿಂಗ್ ತಪಾಸುವ ಹಿರಿಯ ಮರಾಠಿ ಗೃಹಸ್ಥರೊಬ್ಬರಿದ್ದರು. ಅವರು ಪ್ರಿಂಟೌಟಿನ ಬಲಗಳ ಕಡೆ ನೋಡಲೇ ಇಲ್ಲ, ನೇರ ಪ್ರತಿಕ್ರಿಯೆಗಳ ಪುಟಕ್ಕೆ ಹೋಗಿ ಪೆನ್ಸಿಲಿನಿಂದ ಅಡ್ಡಬಲದ ಸುತ್ತ ಒಂದು ಸೊನ್ನೆ ಸುತ್ತಿದರು. “ಹಾ ಕೋಣ ಘೇಣಾರ?” ಇದನ್ನು ಯಾರು ಹೊರುತ್ತಾರೆ? ನನ್ನ ಬಳಿ ಉತ್ತರವಿರಲಿಲ್ಲ. ಕಾಲಮ್ಮುಗಳ ಡಿಸೈನು ಆ ಬಲ ಇಲ್ಲದೆಯೇ ಮುಗಿದು, ಫೌಂಡೇಶನ್ ಕೂಡ ಬಿದ್ದಾಗಿತ್ತು. ಕೆಳಗಿನ ಮೆಂಬರನ್ನು ಮತ್ತೆ ದಪ್ಪ ಮಾಡಿದೆವು.

ರೋಲರ್ ಎಂದರೆ ಗಾಲಿಯೇ ಬೇಕಿಲ್ಲ. ಬೇಸ್ ಪ್ಲೇಟಿನಲ್ಲಿ ಬೋಲ್ಟಿನ ತೂತನ್ನು ಉದ್ದಕ್ಕೆ ಕೊರೆದರೆ ಸಾಕು. ಬಿಸಿಲಿಗೂ ಇದು ಬೇಕು. 30 ಮೀಟರ್ ಉಕ್ಕು 20 ಡಿಗ್ರಿ ಕಾದರೆ 7.2 ಮಿ.ಮೀ. ಬೆಳೆಯುತ್ತದೆ. ಎರಡೂ ತುದಿ ಪೂರಾ ಬಿಗಿದಿದ್ದರೆ ಒಂದು ಕಿಲೋ ಭಾರವಿಲ್ಲದೆಯೂ ಚದರ ಮಿ.ಮೀ.ಗೆ 48 ನ್ಯೂಟನ್ ಸ್ಟ್ರೆಸ್ ತುಂಬಿಕೊಳ್ಳುತ್ತದೆ. ಉಕ್ಕಿನ ಕಾಲಮ್ಮಿನ ಮೇಲೆ ಎರಡೂ ಕಡೆ ಬಿಗಿಯಲೇಬೇಕಾದರೆ ಕಾಲಮ್ಮನ್ನೂ ಮಾಡೆಲ್ಲಿಗೆ ತನ್ನಿ. ಅದು ಎಷ್ಟು ಬಾಗುತ್ತದೋ ಅಷ್ಟೇ ಆಧಾರ ಕೊಡಲಿ.

ಬ್ರಾಕೆಟಿನ ಸ್ಟ್ರೆಸ್ ಬರೀ 20 ಬಂತು, ಉಕ್ಕಿನ ಮಿತಿ 250. ಹಾಗಾದರೆ ಪಾಸಲ್ಲವೇ?

ಅಲ್ಲ. ಮೇಲಿನ ಉದಾಹರಣೆಗೇ ಮರಳೋಣ. 8 ಕಿಲೋನ್ಯೂಟನ್ನನ್ನು 400ರಿಂದ ಭಾಗಿಸಿದರೆ 20, ನಿಜ. ಆದರೆ ಅದು ಒತ್ತು. ಒತ್ತಿನ ಕಡ್ಡಿ ಪುಡಿಯಾಗಿ ಸಾಯುವುದು ಕಡಿಮೆ, ಪಕ್ಕಕ್ಕೆ ಬಳುಕಿ ಸಾಯುವುದೇ ಹೆಚ್ಚು. 40×40×5 ಆ್ಯಂಗಲಿನ ಅತಿ ದುರ್ಬಲ ದಿಕ್ಕಿನ ಗೈರೇಶನ್ ತ್ರಿಜ್ಯ (ಬಳುಕದೆ ನಿಲ್ಲುವ ತಾಕತ್ತಿನ ಅಳತೆ) 7.7 ಮಿ.ಮೀ. ಉದ್ದವನ್ನು ಅದರಿಂದ ಭಾಗಿಸಿದರೆ ಸಪೂರತನ: 1,600 ಭಾಗಿಸು 7.7, ಅಂದರೆ 208. ತೂಕ ಮತ್ತು ಬಳಕೆಯ ಭಾರ ಹೊರುವ ಒತ್ತು ಮೆಂಬರಿಗೆ ಉಕ್ಕಿನ ಕಟ್ಟಡಗಳ ಭಾರತೀಯ ಮಾನಕ ಐಎಸ್ 800:2007 ಕೊಡುವ ಮಿತಿ 180. ಸ್ಟ್ರೆಸ್ಸಿನಲ್ಲಿ ಹನ್ನೆರಡು ಪಟ್ಟು ಮಿಗಿಸಿದ ಮೆಂಬರು ಸಪೂರತನದಲ್ಲಿ ನಾಪಾಸು.

ನಾವು ಮಾಡಿದ ಸ್ಪ್ರಿಂಗಿನ ಲೆಕ್ಕಕ್ಕೆ ಬಳುಕುವುದು ಗೊತ್ತೇ ಇಲ್ಲ. ಅದಕ್ಕೆ ಎಳೆತವೂ ಒತ್ತೂ ಒಂದೇ, ಚಿಹ್ನೆ ಮಾತ್ರ ಬೇರೆ. ಅಮೆರಿಕದ ಹಾರ್ಟ್‌ಫರ್ಡಿನಲ್ಲಿ ಒಳಾಂಗಣ ಕ್ರೀಡಾಂಗಣದ ಮಾಡನ್ನು ಆ ಕಾಲಕ್ಕೆ ಹೆಮ್ಮೆಯಿಂದ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಕಟ್ಟಿದ್ದರು. 1978ರ ಜನವರಿ 18ರ ನಸುಕಿನಲ್ಲಿ ಹಿಮದ ಭಾರಕ್ಕೆ ಇಡೀ ಮಾಡು ಕುಸಿಯಿತು. ಮೇಲಿನ ಮೆಂಬರ್‌ಗಳಿಗೆ ಲೆಕ್ಕದಲ್ಲಿದ್ದಷ್ಟು ಪಕ್ಕದ ಆಸರೆ ಕಟ್ಟಡದಲ್ಲಿ ಇರಲಿಲ್ಲ, ಸ್ವಂತ ತೂಕವನ್ನೂ ಕಡಿಮೆ ಹಿಡಿದಿದ್ದರು. ಪಂದ್ಯ ನೋಡಿದ ಸಾವಿರಾರು ಜನ ಕೆಲವೇ ಗಂಟೆ ಮೊದಲು ಮನೆಗೆ ಹೋಗಿದ್ದರು.

ಮುಂಬೈ, ಪುಣೆ, ಗೋವಾ, ಗಾಳಿ ಎಲ್ಲ ಒಂದೇ ಅಲ್ಲವೇ?

ಕಟ್ಟಡಗಳ ಮೇಲಿನ ಭಾರಗಳ ಭಾರತೀಯ ಮಾನಕ ಐಎಸ್ 875. ಅದರ ಮೂರನೇ ಭಾಗದಲ್ಲಿ ಮುಂಬೈಗೆ ಮೂಲ ಗಾಳಿವೇಗ ಸೆಕೆಂಡಿಗೆ 44 ಮೀಟರ್, ಪುಣೆಗೂ ಪಣಜಿಗೂ 39. ಐದರ ವ್ಯತ್ಯಾಸ ಕಡಿಮೆ ಅನ್ನಿಸಬಹುದು, ಆದರೆ ಒತ್ತಡ ಬೆಳೆಯುವುದು ವರ್ಗದಲ್ಲಿ. ಬೇರೆ ಗುಣಾಂಕಗಳನ್ನು ಒಂದು ಎಂದಿಟ್ಟರೆ ಮುಂಬೈಯಲ್ಲಿ ಚದರ ಮೀಟರಿಗೆ ಸುಮಾರು 1,160 ನ್ಯೂಟನ್, ಪುಣೆಯಲ್ಲಿ 910. ಕಾಲು ಭಾಗಕ್ಕೂ ಹೆಚ್ಚು. ಸೋರುವ ತಾರಸಿಗೆ ಏಳನೇ ಮಹಡಿಯ ಮೇಲೆ ತಗಡಿನ ಶೆಡ್ ಹಾಕುವ ಮುಂಬೈ ಸೊಸೈಟಿಗಳಿಗೆ ಎತ್ತರದ ಗುಣಾಂಕವೂ ಸೇರಿಕೊಳ್ಳುತ್ತದೆ. ಪುಣೆಯ ಶೆಡ್ಡಿನ ಡ್ರಾಯಿಂಗನ್ನು ಹಾಗೇ ಬೊರಿವಲಿಗೆ ಕಳಿಸುವವರಿದ್ದಾರೆ.

ತಗಡಿನ ಮಾಡಿಗೆ ಗಾಳಿ ಮಾಡುವ ದೊಡ್ಡ ಅಪಾಯ ಎತ್ತುವುದು. ಅರ್ಧ ಮಿ.ಮೀ. ತಗಡಿನ ತೂಕ ಚದರ ಮೀಟರಿಗೆ ಐದು ಕಿಲೋ ದಾಟುವುದಿಲ್ಲ, ಎತ್ತುವ ಗಾಳಿಯ ಮುಂದೆ ಅದು ಗಾಳಿಪಟ. ಆಗ ಎಳೆತವೆಲ್ಲ ಒತ್ತು, ಒತ್ತೆಲ್ಲ ಎಳೆತ. ನಮ್ಮ ಬ್ರಾಕೆಟಿನ ಓರೆ ಮೆಂಬರು ಈಗ ಒತ್ತಿಗೆ ಬಂತು: 2,000 ಭಾಗಿಸು 7.7, ಸುಮಾರು 260. ಗಾಳಿಯಿಂದ ಮಾತ್ರ ಒತ್ತು ಬರುವ ಮೆಂಬರಿಗೂ ಮಿತಿ 250. ಅದೂ ಹೋಯಿತು. ಈ ಲೋಡ್ ಕೇಸಿನಲ್ಲಿ ಸ್ವಂತ ತೂಕ ನಮ್ಮ ಸಹಾಯಕ್ಕೆ ಬರುವುದರಿಂದ ಅದನ್ನು ಸುರಕ್ಷತೆಗೆಂದು ಹಾಕುವ 1.5ರಿಂದ ಹಿಗ್ಗಿಸಬಾರದು, 0.9ರಿಂದ ಗುಣಿಸಬೇಕು.

ಗೋವೆಯ ನಮ್ಮ ಹೋಟೆಲಿಗೆ ತಗಡು ಬೇಡ, ಅಂದಕ್ಕೆ ಮಂಗಳೂರು ಹೆಂಚು ಹಾಕೋಣ ಅಂತ. ಟ್ರಸ್ ಅದೇ ಇರಲಿ?

ಬೇಡ. ಪಟ್ಟಿಸಮೇತ ಹೆಂಚು ಚದರ ಮೀಟರಿಗೆ 65 ಕಿಲೋ ಹತ್ತಿರ. ತಗಡಿನ ಹನ್ನೆರಡು ಹದಿಮೂರು ಪಟ್ಟು.

ಒಂದು ಮೆಂಬರ್ ದಪ್ಪ ಮಾಡಿದರೆ ಬೇರೆಯವುಗಳ ಬಲ ಬದಲಾಗುತ್ತದೆಯೇ?

ಎಣಿಕೆ ಸರಿಸಮ ಇರುವ ಟ್ರಸ್ಸಿನಲ್ಲಿ ಬಲ ಬದಲಾಗುವುದಿಲ್ಲ, ಸ್ವಂತ ತೂಕದ ಚಿಲ್ಲರೆ ಬಿಟ್ಟರೆ. ಜೋಲು ಮಾತ್ರ ಕಡಿಮೆಯಾಗುತ್ತದೆ. ಹೆಚ್ಚುವರಿ ಮೆಂಬರಿರುವ ಟ್ರಸ್ಸಿನಲ್ಲಿ ಬದಲಾಗುತ್ತದೆ, ಅದೂ ವಿಚಿತ್ರವಾಗಿ: ನೀವು ದಪ್ಪ ಮಾಡಿದ ಮೆಂಬರು ಹೆಚ್ಚು ಬಲ ಎಳೆದುಕೊಳ್ಳುತ್ತದೆ. ಕೂಡುಕುಟುಂಬದಲ್ಲಿ ದುಡಿಯುವವನಿಗೇ ಮತ್ತೆ ಕೆಲಸ ಹೇಳಿದ ಹಾಗೆ. ಅದಕ್ಕೆ ಒಂದನ್ನು ತಿದ್ದಿದ ಮೇಲೆ ಲೆಕ್ಕ ಮತ್ತೆ ಓಡಿಸಬೇಕು.

ಅಡ್ಡಡ್ಡ ಕತ್ತರಿ ಹಾಕಿದ ಸಪೂರ ರಾಡುಗಳನ್ನು ಎಳೆತಕ್ಕೆ ಮಾತ್ರ ಎಂದು ಗುರುತಿಸಿ. ಇಲ್ಲದಿದ್ದರೆ ಒತ್ತನ್ನು ಹೊರಲಾರದ ರಾಡಿಗೂ ಸಾಫ್ಟ್‌ವೇರ್ ಅರ್ಧ ಭಾರ ಕೊಟ್ಟು ಕೂರುತ್ತದೆ.

ಯಾವ ಸಾಫ್ಟ್‌ವೇರ್ ಒಳ್ಳೆಯದು?

ಕಲಿಯಲು ಎಕ್ಸೆಲ್ ಸಾಕು, ಮ್ಯಾಟ್ರಿಕ್ಸ್ ತಿರುಗಿಸುವ ಸೂತ್ರ ಅದರಲ್ಲೇ ಇದೆ. ಪೈಥಾನ್ ಬಂದರೆ ಇನ್ನೂ ಒಳ್ಳೆಯದು. ಆಫೀಸಿನಲ್ಲಿ ಸ್ಟಾಡ್ ಇರುತ್ತದೆ, ಅಲ್ಲಿ ಹೇಳದಿದ್ದರೆ ಪ್ರತಿ ಮೆಂಬರೂ ಬೀಮೇ. ಟ್ರಸ್ ಎಂದು ನೀವೇ ಸಾರಬೇಕು. ಆನ್ಸಿಸ್‌ನಲ್ಲಿ ಬೇಕಾದದ್ದು ಲಿಂಕ್ 180 ಎಂಬ ಎಲಿಮೆಂಟು.

ಮಾನಗಳು?

ನ್ಯೂಟನ್-ಮಿ.ಮೀ. ಅಥವಾ ಕಿಲೋನ್ಯೂಟನ್-ಮೀಟರ್, ಒಂದನ್ನು ಹಿಡಿದು ಕೊನೆಯವರೆಗೆ ಬಿಡಬೇಡಿ. ಜೋಲು 630 ಮಿ.ಮೀ. ಬಂದರೆ ಗಾಬರಿಯಾಗುವ ಮೊದಲು ಸೊನ್ನೆಗಳನ್ನು ಎಣಿಸಿ.

ಉತ್ತರ ಸರಿಯಿದೆ ಎಂದು ಹೇಗೆ ತಿಳಿಯುವುದು?

ಅದೇ ಹಿರಿಯರು ಕಲಿಸಿದ್ದು: ಮೊದಲು ಬೇರೀಜು. ಮರಾಠಿಯಲ್ಲಿ ‘ಬೇರೀಜ’ ಅಂದರೆ ಕೂಡಿಸುವುದು, ನಮ್ಮ ಶಾನುಭೋಗರ ಕಡತದಲ್ಲೂ ಅದು ಮೊತ್ತವೇ. ಹಾಕಿದ ಕೆಳಮುಖ ಭಾರದ ಬೇರೀಜಿಗೆ ಮೇಲ್ಮುಖ ಪ್ರತಿಕ್ರಿಯೆಗಳ ಬೇರೀಜು ಸಮ ಇರಲೇಬೇಕು. ಇದು ಹೊಂದಿದರೆ ಲೆಕ್ಕ ಸರಿ ಎಂದಲ್ಲ, ನೀವು ಹಾಕಿದ ಭಾರವನ್ನೇ ಅದು ಹೊತ್ತಿದೆ ಎಂದಷ್ಟೇ. ಆ ಭಾರ ನಿಜವಾದ ಮಾಡಿನ ಭಾರವೇ ಎಂದು ತಗಡಿನ ಕ್ಷೇತ್ರಫಲ ಹಿಡಿದು ಬೇರೆಯಾಗಿ ಲೆಕ್ಕ ಹಾಕಿ.

ಆಮೇಲೆ ಜೋಲಿದ ಚಿತ್ರ ನೋಡಿ, ದೊಡ್ಡದು ಮಾಡಿಕೊಂಡು. ಆಧಾರ ಅಲುಗುತ್ತಿದೆಯೇ? ಯಾವುದಾದರೂ ಗಂಟು ಒಂಟಿಯಾಗಿ ಹಾರಿದೆಯೇ? ಸಮಾನ ಟ್ರಸ್ಸಿಗೆ ಸಮಾನ ಭಾರ ಹಾಕಿ ಚಿತ್ರ ಒಂದು ಕಡೆ ವಾಲಿದರೆ ಎಲ್ಲೋ ಎಡವಟ್ಟು. ಕೊನೆಗೆ ನಡುಮಧ್ಯದ ಮೆಂಬರಿನ ಬಲವನ್ನು ಒಂದು ಸೀಳು ಹಾಕಿ ಕೈಯಲ್ಲಿ ತೆಗೆಯಿರಿ: ಮಧ್ಯದ ಬಾಗುಬಲವನ್ನು ಟ್ರಸ್ಸಿನ ಎತ್ತರದಿಂದ ಭಾಗಿಸಿದರೆ ಕೆಳಗಿನ ಮೆಂಬರಿನ ಎಳೆತ ಹತ್ತಿರ ಹತ್ತಿರ ಬರುತ್ತದೆ. ಇಪ್ಪತ್ತು ಪುಟದ ಪ್ರಿಂಟೌಟನ್ನು ಲಕೋಟೆಯ ಹಿಂಬದಿಯ ಒಂದು ಸಾಲು ಬೀಳಿಸಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.

ಹಳೆಯ ಶೆಡ್ಡಿನ ಮೇಲೆ ಸೋಲಾರ್ ಹಾಕಬೇಕು, ಹಳೆಯ ಸೇತುವೆ ಪರೀಕ್ಷಿಸಬೇಕು. ಹಳೆಯ ಡ್ರಾಯಿಂಗಿನಿಂದ ಮಾಡೆಲ್ ಮಾಡಿದರೆ ಸಾಕೇ?

ಡ್ರಾಯಿಂಗಿನಲ್ಲಿರುವ ಟ್ರಸ್ಸನ್ನು ಮಳೆ ಮುಟ್ಟಿರುವುದಿಲ್ಲ. 6 ಮಿ.ಮೀ. ಆ್ಯಂಗಲು ಎರಡೂ ಮುಖದಲ್ಲಿ ಒಂದೊಂದು ಮಿ.ಮೀ. ತುಕ್ಕು ತಿಂದರೆ ಉಳಿಯುವುದು 4, ಮೂರನೇ ಒಂದು ಪಾಲು ಹೋಯಿತು. ಕೊಂಕಣದ ಉಪ್ಪುಗಾಳಿಗೆ ಇದು ದೊಡ್ಡ ಮಾತಲ್ಲ. ಸೋಲಾರ್ ಪ್ಯಾನೆಲ್ಲು ಸ್ಟ್ಯಾಂಡುಸಮೇತ ಚದರ ಮೀಟರಿಗೆ 15 ಕಿಲೋ ಆಸುಪಾಸು, ಹಳೆಯ ತಗಡಿನ ಮೂರು ಪಟ್ಟು.

ಪುಣೆಯ ಹತ್ತಿರ ತಳೇಗಾಂವದ ಬಳಿ ಕುಂಡಮಳಾದಲ್ಲಿ ಇಂದ್ರಾಯಣಿ ನದಿಯ ಹಳೆಯ ಕಬ್ಬಿಣದ ಪಾದಚಾರಿ ಸೇತುವೆ 2025ರ ಜೂನ್ 15ರಂದು ಜನ ಕಿಕ್ಕಿರಿದಿದ್ದಾಗ ಕುಸಿದು ನಾಲ್ವರು ತೀರಿಹೋದರು. ಅಂದಿನಿಂದ ಈ ಪ್ರಶ್ನೆ ನನಗೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಜನ ಗುಂಪುಗೂಡುವ ನೆಲಕ್ಕೆ ಐಎಸ್ 875 ಹೇಳುವ ಭಾರ ಚದರ ಮೀಟರಿಗೆ 5 ಕಿಲೋನ್ಯೂಟನ್, ಅಂದರೆ ಐನೂರು ಕಿಲೋ. ದಿನಕ್ಕೆ ನಾಲ್ಕು ಜನ ಓಡಾಡುವ ಸೇತುವೆಗೂ ಭಾನುವಾರದ ಜಲಪಾತದ ಗದ್ದಲವನ್ನು ಹಾಕಿಯೇ ನೋಡಬೇಕು.

ಮತ್ತೆ ಗಸೆಟ್. ಮಿನಿಯಾಪೊಲಿಸ್‌ನ ಐ-35 ಡಬ್ಲ್ಯೂ ಸೇತುವೆ 2007ರ ಆಗಸ್ಟ್ 1ರಂದು ನದಿಗೆ ಬಿದ್ದು 13 ಜನ ಸತ್ತಾಗ, ತನಿಖೆ ಬೆರಳು ತೋರಿಸಿದ್ದು ಗಸೆಟ್ ಪ್ಲೇಟುಗಳ ಕಡೆಗೆ. ಒಂದು ಇಂಚು ಇರಬೇಕಾದಲ್ಲಿ ಅರ್ಧ ಇಂಚು ಇತ್ತು. ನಮ್ಮ ಮಾಡೆಲ್ಲಿನಲ್ಲಿ ಗಂಟು ಎಂಬುದು ದಪ್ಪವೇ ಇಲ್ಲದ ಒಂದು ಚುಕ್ಕೆ. ಆದ್ದರಿಂದ ಮೊದಲು ಏಣಿ, ಕ್ಯಾಲಿಪರ್, ಒಂದು ಉಕ್ಕಿನ ಬ್ರಷ್ಷು ತೆಗೆದುಕೊಂಡು ಮೇಲೆ ಹತ್ತಿ, ಬಣ್ಣ ಕೆರೆದು ಗಸೆಟ್ಟಿನ ದಪ್ಪ ಅಳೆಯಿರಿ. ಕೆಳಗಿನ ಗಂಟುಗಳಿಂದ ಶುರುಮಾಡಿ, ನೀರು ನಿಲ್ಲುವುದು ಅಲ್ಲಿ. ಆ ಅಳತೆಗಳ ಪಟ್ಟಿ ಕೈಗೆ ಬಂದ ಮೇಲೆ ಫೋನು ಮಾಡಿ.